ಊರಿಗಾಂ ಪದ್ಯಗಳ ಜೊತೆ ಕಾರ್ನ್‌ವಾಲ್‌ಗೆ

ರಾಬರ್ಟ್‌ಸನ್‌ಪೇಟೆ

ಇಂಗ್ಲೆಂಡಿಗೆ ಬರುತ್ತೀರಾ ಎಂದು ಶಾಂತಿ ಕೇಳಿದಾಗ ನಾನು ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಪಕ್ಕದ ಮಾರಿಕುಪ್ಪಂಗೆ ಹೋಗಿಬರೋಣವೇ ಎನ್ನುವಷ್ಟು ಸಲೀಸಾಗಿ ಕೇಳಿದಳು. ನಾನು ತಮಾಷೆ ಎಂದುಕೊಂಡೆ.

ಶಾಂತಿ ನನ್ನ ಹಳೆಯ ವಿದ್ಯಾರ್ಥಿನಿ. ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಮೂವತ್ತಮೂರು ವರ್ಷ ಕನ್ನಡ ಕಲಿಸಿದವಳು ನಾನು. ಅವಳು ಒಂಬತ್ತನೇ ತರಗತಿಯಲ್ಲಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಈಗ ಅವಳಿಗೂ ಮೂವತ್ತೈದರ ಹತ್ತಿರ. ಊರಿಗಾಮಿನಲ್ಲಿ ಗಣಿ ಕೂಲಿಗಳಿಗೆಂದು ಕಟ್ಟಿದ ಹಳೆಯ ಲೈನ್ ಮನೆಯಲ್ಲಿ ತಾಯಿಯ ಜೊತೆ ಇದ್ದಾಳೆ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದು, ಸಂಜೆಯ ರೈಲಿಗೆ ಮರಳುತ್ತಾಳೆ. ಆ ರೈಲಿನಲ್ಲೇ ನಿಂತೂ ಕೂತೂ ಒಂದು ನೋಟ್‌ಬುಕ್ಕಿನಲ್ಲಿ ಬರೆದ ಪದ್ಯಗಳು ಹೋದ ವರ್ಷ ಪುಸ್ತಕವಾಗಿದ್ದವು.

ಅದರಲ್ಲಿನ ಹತ್ತು ಪದ್ಯಗಳನ್ನು ಅವಳ ಲ್ಯಾಬಿನ ಗೆಳತಿ ಇಂಗ್ಲಿಷಿಗೆ ಮಾಡಿ ಅಂತರ್ಜಾಲದಲ್ಲಿ ಹಾಕಿದ್ದಳಂತೆ. ಕಾರ್ನ್‌ವಾಲ್ ಎಂಬ ಸೀಮೆಯಲ್ಲಿ, ಹಳೆಯ ಗಣಿ ಊರೊಂದರಲ್ಲಿ, ವಾರಕ್ಕೊಮ್ಮೆ ಸೇರಿ ಹೊಸ ಕವಿತೆ ಓದುವ ಹತ್ತಿಪ್ಪತ್ತು ಜನರಿದ್ದಾರೆ. ನಮ್ಮ ಕೋಲಾರದ ಚಿನ್ನದ ಗಣಿಗೆ ಮೊದಲು ಬಂದಿಳಿದ ಬಿಳಿಯರಲ್ಲಿ ಬಹಳ ಮಂದಿ ಆ ಸೀಮೆಯವರೇ. ಅವರು ಪದ್ಯ ಓದಿ, ಬಂದು ನಿಮ್ಮ ಬಾಯಲ್ಲೇ ಕೇಳಿಸಿ, ಜೊತೆಗೆ ಒಬ್ಬರನ್ನು ಕರೆತನ್ನಿ, ಉಳಿಯಲು ನಮ್ಮ ಮನೆಗಳಿವೆ ಎಂದು ಬರೆದಿದ್ದರು.

“ನಾನೊಬ್ಳೇ ಓಗೋಕೆ ಅಮ್ಮ ಬಿಡಲ್ಲ ಮಿಸ್,” ಎಂದಳು ಶಾಂತಿ. “ನೀವು ಬಂದ್ರೆ ಬಿಡ್ತಾರೆ.”

ನಾನು ಒಪ್ಪಿದೆ. ಒಪ್ಪಿ, ಮಾರನೆಯ ದಿನದಿಂದಲೇ ತರಕಾರಿ ಅಂಗಡಿಯವರೆಗೂ ಸುದ್ದಿ ಮುಟ್ಟಿಸಿದೆ. ಒಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಶಾಂತಿ ಕೊಟ್ಟಿದ್ದ ಪುಸ್ತಕ ಆರು ತಿಂಗಳಿಂದ ನನ್ನ ಬೀರುವಿನಲ್ಲಿ ಸೀರೆಗಳ ನಡುವೆ ಬಿದ್ದಿತ್ತು. “ಓದಿದೆ, ಚೆನ್ನಾಗಿದೆ” ಎಂದು ಅವಳಿಗೆ ಆಗಲೇ ಹೇಳಿಬಿಟ್ಟಿದ್ದೆ. ಒಂದು ಪುಟವನ್ನೂ ತೆರೆದಿರಲಿಲ್ಲ.

ಬಂಗಾರಪೇಟೆ

ದೂರದ ಪ್ರಯಾಣವೆಲ್ಲ ನಮಗೆ ಬಂಗಾರಪೇಟೆಯಿಂದಲೇ ಶುರು. ನನ್ನ ತವರೂರು ಅಲ್ಲಿಂದ ನಾಲ್ಕು ಮೈಲಿ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ನಾರಾಯಣಮ್ಮನೇ ಅಲ್ಲಿ ಹೊಲ, ಮೂರು ಹಸು, ಡೇರಿಯ ಹಾಲು ಎಲ್ಲವನ್ನೂ ನೋಡಿಕೊಳ್ಳುತ್ತಾಳೆ. ಬೆಳಗಿನ ಹಾಲು ಹಾಕಿ ಬಸ್ಸು ಹತ್ತಿ ಸ್ಟೇಷನ್ನಿಗೇ ಬಂದಿದ್ದಳು, ಸೊಂಟದಲ್ಲಿ ಹುರಿಗಾಳಿನ ಗಂಟು ಸಿಕ್ಕಿಸಿಕೊಂಡು. ಪ್ಲಾಟ್‌ಫಾರಂ ಮೇಲೆ ನಿಂತು, ಅಷ್ಟು ದೂರ ಹೋಗಿ ಪದ್ಯ ಓದುವುದೇ, ಇಲ್ಲಿ ಓದಿದರೆ ಆಗುವುದಿಲ್ಲವೇ ಎಂದು ಕೇಳಿದಳು.

ಆ ಸ್ಟೇಷನ್ನಿನಲ್ಲಿ ನಿಂತರೆ ನನಗೆ ಅಪ್ಪನ ನೆನಪು. ನಮ್ಮಪ್ಪ ಬೇಸಾಯಗಾರ, ಹೊಟ್ಟೆಪಾಡಿಗೆ ಗಣಿಯ ಕೂಲಿ. ಶಿಫ್ಟು ಮುಗಿಸಿ ಊರಿಗಾಂ ಕಡೆಯಿಂದ ಸೈಕಲ್ ತುಳಿದು ಬರುವಾಗ ಬಂಗಾರಪೇಟೆಯಲ್ಲಿ ನಮಗೆ ಖಾರ ಬೂಂದಿ ಕಟ್ಟಿಸಿಕೊಂಡು ಬರುತ್ತಿದ್ದರು. ಅವರ ಅಂಗಿಯಲ್ಲಿ ಬೂಂದಿಯ ವಾಸನೆಗಿಂತ ಸಿಡಿಮದ್ದಿನ ವಾಸನೆ ಜಾಸ್ತಿ. ಗಣಿಯೊಳಗೆ ಏನು ಮಾಡುತ್ತಾರೆಂದು ಕೇಳಿದರೆ “ಕಲ್ಲು” ಎನ್ನುತ್ತಿದ್ದರು. ಅಷ್ಟೇ. ಗಣಿಯ ಬಗ್ಗೆ ಅವರು ನನ್ನೊಂದಿಗೆ ಅದಕ್ಕಿಂತ ಹೆಚ್ಚು ಮಾತಾಡಿದ್ದು ನನಗೆ ನೆನಪಿಲ್ಲ.

ಶಾಂತಿ ಸ್ಟೇಷನ್ನಿನ ಹೊರಗೆ ಹೋಗಿ ಒಂದು ಪ್ಲೇಟ್ ಪಾನಿಪುರಿ ತಿಂದು ಬಂದಳು. ಇಂಗ್ಲೆಂಡಿನಲ್ಲಿ ಹೊಟ್ಟೆ ಕೆಟ್ಟರೂ ಬಂಗಾರಪೇಟೆ ನೀರಿನಲ್ಲೇ ಕೆಡಲಿ ಎಂದು ಅವಳ ವಾದ.

ವಿಮಾನದಲ್ಲಿ

ಕೈಚೀಲದಲ್ಲಿಟ್ಟು ತಂದಿದ್ದ ಶಾಂತಿಯ ಪುಸ್ತಕ ತೆರೆದದ್ದು ಮೋಡದ ಮೇಲೆ. ಪಕ್ಕದಲ್ಲಿ ಶಾಂತಿ ಕಂಬಳಿ ಹೊದ್ದು ಮಲಗಿದ್ದಳು. ಹತ್ತು ಗಂಟೆ ಹಾರಾಟ, ಇಳಿದು ಹೋಗಲು ಜಾಗವಿಲ್ಲ. ಓದತೊಡಗಿದೆ.

ನಾನು ಓದಿಕೊಂಡು ಬೆಳೆದ ಪದ್ಯಗಳಲ್ಲಿ ಪ್ರಾಸವಿತ್ತು, ಲಯವಿತ್ತು, ಬಾಯಿಪಾಠಕ್ಕೆ ಒಗ್ಗುತ್ತಿದ್ದವು. ಇವು ಹಾಗಿರಲಿಲ್ಲ. ಪಾತ್ರೆ ತೊಳೆಯುತ್ತಾ ಯಾರೋ ಮಾತಾಡಿದಂತಿದ್ದವು. ಒಂದು ಪದ್ಯವಿಡೀ ರೈಲಿನ ಲೇಡೀಸ್ ಬೋಗಿ. ಅಲ್ಲಿ ಸೀಟು ಎಂದರೆ ಒಂದು ಜೊತೆ ಚಪ್ಪಲಿಯಷ್ಟು ಜಾಗ ಎಂಬ ಸಾಲು. ಇನ್ನೊಂದರಲ್ಲಿ ಗಾಳಿಗೆ ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬದ ಧೂಳು ಹಾರಿ ಒಣಹಾಕಿದ ಬಿಳಿ ಯೂನಿಫಾರಂ ಮೇಲೆ ಕೂರುವುದು. ನಡುನಡುವೆ ತಮಿಳು, ನಡುನಡುವೆ ತೆಲುಗು. ‘ಹೋಗು’ ಅನ್ನುವ ಕಡೆಯೆಲ್ಲ ‘ಓಗು’.

ನನ್ನ ಕೈಚೀಲದಲ್ಲಿ ಕೆಂಪು ಪೆನ್ನು ಸದಾ ಇರುತ್ತದೆ. ಅದು ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಮೊದಲು ಒಂದು ಅಚ್ಚಿನ ತಪ್ಪಿಗೆ ಗೆರೆ ಎಳೆದೆ. ಆಮೇಲೆ ಒಂದು ‘ಓಗು’ವಿಗೆ. ಹಾಲೆಂಡಿನ ಮೇಲೆ ಹಾರುವ ಹೊತ್ತಿಗೆ ಐವತ್ತು ಪುಟ ತಿದ್ದಿ ಮುಗಿಸಿದ್ದೆ. ಅಂಚಿನಲ್ಲಿ ‘ಅಶುದ್ಧ’, ‘ಪರಭಾಷೆ’, ‘ಕನ್ನಡ ಪದ ಬಳಸು’ ಎಂದು ದುಂಡಗೆ ಬರೆದಿದ್ದೆ. ನಿಜ ಹೇಳುತ್ತೇನೆ, ನಿವೃತ್ತಿಯಾದ ಮೇಲೆ ಅಷ್ಟು ಹುರುಪಿನಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಲಂಡನ್

ಲಂಡನ್ನಿನಲ್ಲಿ ನನ್ನ ಪೆಟ್ಟಿಗೆ ಬಂತು, ಶಾಂತಿಯದು ಬರಲಿಲ್ಲ. ತಿರುಗುವ ಪಟ್ಟಿಯ ಮುಂದೆ ನಾವಿಬ್ಬರೇ ಉಳಿಯುವವರೆಗೂ ನಿಂತೆವು. ಅದರಲ್ಲಿ ಅವಳ ಬಟ್ಟೆ, ಅವಳಮ್ಮ ಕಟ್ಟಿಕೊಟ್ಟ ಮುರುಕ್ಕು, ಮತ್ತು ಪುಸ್ತಕದ ಇಪ್ಪತ್ತು ಪ್ರತಿಗಳಿದ್ದವು. ಕೌಂಟರಿನಲ್ಲಿದ್ದ ಹುಡುಗಿ ನಮ್ಮಿಬ್ಬರಿಗಿಂತ ಹೆಚ್ಚು ಬೇಸರಪಟ್ಟು, ನಾಲ್ಕು ದಿನದಲ್ಲಿ ಸಿಗಬಹುದು ಎಂದು ಚೀಟಿ ಬರೆದುಕೊಟ್ಟಳು. ಪದ್ಯದ ಓದು ಇದ್ದದ್ದು ಎರಡೇ ದಿನ ಬಿಟ್ಟು.

ಶಾಂತಿ ಗಾಬರಿಯಾಗಲಿಲ್ಲ. “ನಿಮ್ಮತ್ರ ಒಂದು ಐತಲ್ಲ ಮಿಸ್, ಸಾಕು.”

ನನ್ನ ಕೈಚೀಲ ಹೆಗಲಿನಲ್ಲಿ ಒಮ್ಮೆಗೇ ಭಾರವಾಯಿತು. ಊರಿಗೆ ಫೋನು ಮಾಡಿ ಪುಟಗಳ ಫೋಟೋ ತರಿಸೋಣ ಎಂದೆ. ಅಮ್ಮನಿಗೆ ಕನ್ನಡ ಓದಲು ಬಾರದು, ಯಾವ ಪುಟವೆಂದು ಹೇಳುವುದು ಎಂದಳು. ಓದುವ ದಿನ ಕೊಡುತ್ತೇನೆ, ಈಗ ಚೀಲದ ತಳದಲ್ಲಿದೆ ಎಂದೆ. ಅವಳು ಸರಿ ಎಂದಳು. ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ನನಗೆ, ನನ್ನ ಮುಖ ಆಗ ಹೇಗಿತ್ತೆಂದು ಗೊತ್ತಾಗಲಿಲ್ಲ.

ರೆಡ್‌ರೂತ್

ಲಂಡನ್ನಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಐದು ಗಂಟೆ. ಕೊನೆಕೊನೆಗೆ ಗುಡ್ಡಗಳ ಮೇಲೆ ಕಲ್ಲಿನ ಬೋಳು ಗೋಡೆಗಳು, ಪಕ್ಕಕ್ಕೊಂದು ಚಿಮಣಿ. ಗಣಿಯಿಂದ ನೀರೆತ್ತುವ ಯಂತ್ರಗಳಿದ್ದ ಮನೆಗಳು ಅವು ಎಂದು ಆಮೇಲೆ ತಿಳಿಯಿತು. ಈಗ ಚಾವಣಿಯಿಲ್ಲ, ಕಿಟಕಿಗಳಲ್ಲಿ ಆಕಾಶ. ನಮ್ಮಲ್ಲಿ ಗಣಿಗೆ ಇಳಿಯುವ ಶಾಫ್ಟಿನ ಕಬ್ಬಿಣದ ಗೋಪುರಗಳು ತುಕ್ಕು ಹಿಡಿದು ನಿಂತಿವೆ. ಶಾಂತಿ ಕಿಟಕಿಗೆ ಹಣೆ ಒತ್ತಿ, “ನಮ್ಮೂರೇ ಮಿಸ್, ಒಸಿ ಹಸಿರು ಜಾಸ್ತಿ,” ಎಂದಳು.

ಸ್ಟೇಷನ್ನಿನಿಂದ ನಮ್ಮನ್ನು ಮನೆಗೆ ಕರೆದೊಯ್ದವರು ಆ ಕವಿತೆ ಓದುವ ಗುಂಪಿನ ಜೀನ್. ಎಪ್ಪತ್ತು ದಾಟಿದ ವಿಧವೆ. ಗಂಡ ತವರದ ಗಣಿಯಲ್ಲಿದ್ದವರು, ಅದು ಮುಚ್ಚುವವರೆಗೂ. ಅವರ ಅಡಿಗೆಮನೆಯಲ್ಲಿ ಮರದ ಸೌಟುಗಳನ್ನು ಒಂದು ಹಿತ್ತಾಳೆ ಚೊಂಬಿನಲ್ಲಿ ನಿಲ್ಲಿಸಿದ್ದರು. ಮುತ್ತಜ್ಜನ ತಮ್ಮ ಕೋಲಾರದಿಂದ ತಂದದ್ದು, ಬಹಳ ಪವಿತ್ರವಾದ ಪಾತ್ರೆ ಇರಬೇಕಲ್ಲವೇ ಎಂದು ಕೇಳಿದರು. ಶಾಂತಿ ನನ್ನ ಮುಖ ನೋಡಿದಳು. ಹಳ್ಳಿಯಲ್ಲಿ ಬೆಳಗಾಗೆದ್ದು ಚೊಂಬು ಹಿಡಿದು ಎತ್ತ ಹೋಗುತ್ತಿದ್ದೆವೆಂದು ನಾನು ಹೇಳಲಿಲ್ಲ. ಹೌದು, ದಿನವೂ ಬೇಕಾಗುವ ಪಾತ್ರೆ ಎಂದೆ.

ಮಾರನೆಯ ದಿನ ಬೇಕರಿಗೆ ಹೋದಾಗ ಅಂಗಡಿಯ ದಪ್ಪ ಹೆಂಗಸು ನನ್ನನ್ನು “ಮೈ ಲವರ್” ಎಂದು ಕರೆದು, ಏನು ಬೇಕೆಂದು ಕೇಳಿದಳು. ಪ್ರೇಮಪತ್ರ ಬರೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ಜೀನ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆ ಸೀಮೆಯಲ್ಲಿ ಗುರುತಿಲ್ಲದವರನ್ನೂ ಹಾಗೆಯೇ ಕರೆಯುತ್ತಾರಂತೆ. ಆಗ ನನಗೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು ನೆನಪಾದಳು. ಅವಳಿಗೂ ನಾನು ಮೂವತ್ತು ವರ್ಷದಿಂದ, ತಮಿಳಿನ ಮುದ್ದುಮಾತಿನಲ್ಲಿ, “ಕಣ್ಣು”. ಒಂದು ಕಟ್ಟು ದಂಟಿಗೆ ಎಷ್ಟು ಕಣ್ಣು ಎಂದು ನಾನು ಲೆಕ್ಕ ಇಟ್ಟಿಲ್ಲ.

ಬೇಕರಿಯಲ್ಲಿ ಕೊಂಡದ್ದು ಪ್ಯಾಸ್ಟಿ ಎಂಬ ದೊಡ್ಡ ಕರಿಗಡುಬು, ಒಳಗೆ ಆಲೂಗಡ್ಡೆ. ಗಣಿಯವರು ಅದರ ದಪ್ಪ ಅಂಚನ್ನು ಮಣ್ಣುಗೈಯಲ್ಲಿ ಹಿಡಿದು ತಿಂದು, ಹಿಡಿದ ಭಾಗವನ್ನು ಎಸೆಯುತ್ತಿದ್ದರು ಎಂದು ಜೀನ್ ಹೇಳಿದರು. ನಮ್ಮಪ್ಪ ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಿದ್ದರು. ಅದನ್ನು ನೆಲದಾಳದಲ್ಲಿ ಯಾವ ಕೈಯಲ್ಲಿ ಹಿಡಿದು ತಿಂದರೋ ನಾನು ಕೇಳಿರಲಿಲ್ಲ. ಬೇಕರಿಯ ಮುಂದಿನ ಬೆಂಚಿನ ಮೇಲೆ, ಆ ಚಳಿಯಲ್ಲಿ, ಅದನ್ನು ಕೇಳಬೇಕೆಂದು ನನಗೆ ಮೊದಲ ಸಲ ಅನಿಸಿತು.

ಶನಿವಾರ ಮಧ್ಯಾಹ್ನ

ಓದು ಇದ್ದದ್ದು ಹಳೆಯ ಪ್ರಾರ್ಥನಾ ಮಂದಿರದ ಪಕ್ಕದ ಕೋಣೆಯಲ್ಲಿ. ಇಪ್ಪತ್ತಮೂರು ಜನ, ಎಲ್ಲರ ಕೈಯಲ್ಲೂ ಚಹಾ, ಮಡಿಲಲ್ಲಿ ಪದ್ಯಗಳ ಇಂಗ್ಲಿಷ್ ಹಾಳೆ. ಇಂಗ್ಲಿಷಿನಲ್ಲಿ ಜೀನ್ ಓದುವುದು, ಕನ್ನಡದಲ್ಲಿ ಶಾಂತಿ ಓದುವುದು ಎಂದು ಗೊತ್ತುಮಾಡಿದ್ದರು. ನಾನು ಪುಸ್ತಕ ಕೊಟ್ಟದ್ದು ಅವಳು ಎದ್ದು ನಿಂತ ಮೇಲೆ. ಅದಕ್ಕಿಂತ ಮೊದಲು ಕೊಡುವ ಧೈರ್ಯ ನನಗೆ ಬರಲಿಲ್ಲ.

ಅವಳು ಪುಟ ತೆರೆದಳು. ಕಣ್ಣು ಸ್ವಲ್ಪ ಹೊತ್ತು ಹಾಳೆಯ ಮೇಲೇ ನಿಂತಿತು. ಇನ್ನೊಂದು ಪುಟ ತಿರುವಿದಳು, ಮತ್ತೊಂದು. ಕಿವಿಯ ತುದಿ ಕೆಂಪಾಯಿತು. ಒಂಬತ್ತನೇ ತರಗತಿಯಲ್ಲೂ ಹಾಗೆಯೇ ಆಗುತ್ತಿತ್ತು. ಆಮೇಲೆ ಓದತೊಡಗಿದಳು. ಒಂದು ಅಕ್ಷರವನ್ನೂ ನನ್ನ ತಿದ್ದುಪಡಿಯಂತೆ ಓದಲಿಲ್ಲ. ‘ಓಗು’ ಓಗು ಆಗಿಯೇ ಬಂತು. ರೈಲಿನ ಪದ್ಯಕ್ಕೆ ಜನ ನಕ್ಕರು, ಧೂಳಿನ ಪದ್ಯಕ್ಕೆ ಮುದುಕರೊಬ್ಬರು ತಲೆಯಾಡಿಸಿದರು. ಭಾಷೆ ತಿಳಿಯದವರು ಹಾಗೆ ಕಿವಿಗೊಟ್ಟದ್ದನ್ನು ನಾನು ಎಲ್ಲೂ ಕಂಡಿಲ್ಲ. ನಮ್ಮ ಶಾಲೆಯಲ್ಲಂತೂ ಇಲ್ಲ.

ಐದನೆಯ ಪದ್ಯಕ್ಕೆ ಬಂದು ನಿಂತುಬಿಟ್ಟಳು. ಪುಸ್ತಕವನ್ನು ನನ್ನ ಕಡೆ ಚಾಚಿದಳು.

“ಇದನ್ನ ನೀವು ಓದಿ ಮಿಸ್.”

ನನ್ನನ್ನು ಅವಮಾನಿಸಲು ಕೊಟ್ಟಳೇ, ತಾನು ಓದಲಾರದೆ ಕೊಟ್ಟಳೇ, ತಿಳಿಯಲಿಲ್ಲ. ಎಲ್ಲರೂ ನೋಡುತ್ತಿದ್ದರು. ಎದ್ದು ನಿಂತು ಓದಿದೆ.

ಅಪ್ಪ ಕೆಳಗೆ, ಅಮ್ಮನ ಕೈ ತುಂಬ ಹಿಟ್ಟು
ಸಂಗು ಊದಿತು ಹೊತ್ತಲ್ಲದ ಹೊತ್ತಲ್ಲಿ
ಹಿಟ್ಟಿನ ಕೈಯಲ್ಲೇ ಓಡಿದಳು ಅಮ್ಮ
ಗೇಟಿನ ಕಂಬಿಯ ಮೇಲೆ ಇವತ್ತೂ ಐದು ಬೆರಳು

‘ಸಂಗು’ ಎಂಬಲ್ಲಿ ನನ್ನದೇ ಕೆಂಪು ಗೆರೆಯಿತ್ತು. ಅಂಚಿನಲ್ಲಿ ‘ಪರಭಾಷೆ. ಸೈರನ್? ಶಂಖ?’ ಎಂದು ಬರೆದಿದ್ದೆ. ವಿಮಾನದಲ್ಲಿ ಕಣ್ಣಿನಿಂದ ಓದಿದಾಗ ಅದು ಬರಿಯ ಪದ. ಬಾಯಿಂದ ಹೊರಟಾಗ ನನ್ನ ಅವ್ವನ ದನಿಯಲ್ಲಿ ಕೇಳಿಸಿತು. ಗಣಿಯ ಕೂಗು ಗಾಳಿ ತಿರುಗಿದರೆ ನಮ್ಮೂರಿಗೂ ಮುಟ್ಟುತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಸೈರನ್ ಎನ್ನಲಿಲ್ಲ, ಶಂಖ ಎನ್ನಲಿಲ್ಲ. ಒಂದು ಮಧ್ಯಾಹ್ನ ಅದು ಹೊತ್ತುಗೆಟ್ಟು ಊದಿದಾಗ ಅವ್ವ ಮುದ್ದೆಕೋಲನ್ನು ಅಲ್ಲೇ ಬಿಟ್ಟು, “ಸಂಗು ಕಣೇ, ಸಂಗು” ಎನ್ನುತ್ತಾ ರಸ್ತೆಗೆ ಓಡಿದ್ದಳು. ನಾನು ಅವಳ ಸೆರಗು ಹಿಡಿದು ಓಡಿದ್ದೆ. ಸಂಜೆಗೆ ಅಪ್ಪ ಸೈಕಲ್ ತಳ್ಳಿಕೊಂಡು ನಡೆದು ಬಂದರು. ಅವರ ಜೊತೆ ದಿನವೂ ಬರುತ್ತಿದ್ದ ಇನ್ನೊಂದು ಸೈಕಲ್ ಬರಲಿಲ್ಲ.

ಇಷ್ಟು ವರ್ಷ ಆ ಮಧ್ಯಾಹ್ನ ನನ್ನೊಳಗೆ ಎಲ್ಲಿತ್ತೋ. ನಾಲ್ಕನೆಯ ಸಾಲನ್ನು ಎರಡು ಸಲ ಶುರುಮಾಡಿ, ಮೂರನೆಯ ಸಲಕ್ಕೆ ಮುಗಿಸಿದೆ. ಚಹಾದ ಬಟ್ಟಲುಗಳನ್ನು ಮೆಲ್ಲಗೆ ಕೆಳಗಿಟ್ಟ ಸದ್ದು ಮಾತ್ರ ಬಂತು.

ಗುಡ್ಡದ ಮೇಲೆ

ಭಾನುವಾರ ಜೀನ್ ನಮ್ಮನ್ನು ಒಂದು ಹಾಳು ಯಂತ್ರಮನೆಗೆ ಕರೆದುಕೊಂಡು ಹೋದರು. ಶನಿವಾರದಿಂದ ಶಾಂತಿ ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದ್ದಳು. ಗುಡ್ಡ ಹತ್ತುವಾಗ ಜೀನ್ ತಮ್ಮ ಶಾಲೆಯ ದಿನಗಳನ್ನು ಹೇಳಿದರು. ಮನೆಯ ಕಾರ್ನ್‌ವಾಲ್ ಮಾತು ಬಾಯಿಗೆ ಬಂದರೆ ಟೀಚರು ಅಡಿಪಟ್ಟಿಯಿಂದ ಬೆರಳಿಗೆ ಹೊಡೆಯುತ್ತಿದ್ದರಂತೆ. ಆಕೆ ಕೆಟ್ಟವಳಲ್ಲ, ನಾವು ಮುಂದೆ ಬರಲಿ ಎಂದೇ ಹೊಡೆಯುತ್ತಿದ್ದಳು ಎಂದು ಜೀನ್ ನನಗೆ ಸಮಾಧಾನ ಹೇಳುವಂತೆ ಹೇಳಿದರು. ಅವರು ಪುಸ್ತಕದ ಕೆಂಪನ್ನು ನೋಡಿದ್ದರು.

ಅವರು ಹೂವು ನೋಡುವ ನೆಪದಲ್ಲಿ ಮುಂದೆ ಹೋದಾಗ, ನಾನು ಶಾಂತಿಯನ್ನು ತಡೆದು ನಿಲ್ಲಿಸಿ ತಪ್ಪಾಯಿತೆಂದು ಹೇಳಿದೆ. ಪುಸ್ತಕ ಬೀರುವಿನಲ್ಲಿದ್ದದ್ದು, ಓದಿದೆನೆಂದು ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದೆ.

“ಗೊತ್ತಿತ್ತು ಮಿಸ್,” ಎಂದಳು. “ಒಂಬತ್ತನೇ ಕ್ಲಾಸಲ್ಲಿ ನನ್ನ ನೋಟ್‌ಬುಕ್ಕಲ್ಲಿ ‘ಇದು ಪದ್ಯವಲ್ಲ’ ಅಂತ ಬರೆದಿದ್ರಿ. ಆಮೇಲೆ ಯಾರಿಗೂ ತೋರಿಸ್ದೆ ಟ್ರೇನಲ್ಲೇ ಬರೀತಿದ್ದೆ.”

ಅದು ನನಗೆ ನೆನಪೇ ಇರಲಿಲ್ಲ. ಎಷ್ಟು ನೋಟ್‌ಬುಕ್ಕುಗಳು, ಎಷ್ಟು ಮಕ್ಕಳು. ಕೋಪವಿತ್ತೇ ಎಂದು ಕೇಳಿದೆ.

“ಇತ್ತು. ಇನ್ನೂ ಒಸಿ ಐತೆ.”

ಹಾಗಾದರೆ ನನ್ನನ್ನೇ ಯಾಕೆ ಕರೆದುಕೊಂಡು ಬಂದೆ ಎಂದು ಕೇಳಿದೆ. ಅವಳು ಗೋಡೆಯ ಕಲ್ಲಿನ ಮೇಲಿದ್ದ ಪಾಚಿಯನ್ನು ಉಗುರಿನಿಂದ ಕೆರೆದಳು.

“ಇಷ್ಟು ದೂರ ಬಂದ್ರೆ, ಬೇರೆ ಕೆಲ್ಸ ಇಲ್ದೆ ನೀವು ಪೂರ್ತಿ ಓದ್ತೀರ ಅಂತ. ಕನ್ನಡ ಕಲಿಸಿದ್ದು ನೀವೇ ಅಲ್ವಾ ಮಿಸ್. ಬೇರೆ ಯಾರು ಓದಿದ್ರೂ ನನಗೆ ಓದಿದಂಗೆ ಆಗಲ್ಲ.”

ಗಾಳಿ ಜೋರಾಗಿತ್ತು. ಅವಳ ಪೆಟ್ಟಿಗೆ ಇನ್ನೂ ಬಂದಿರದ ಕಾರಣ ನನ್ನ ಸ್ವೆಟರ್ ಅವಳ ಮೈಮೇಲಿತ್ತು. ಮೇಲಿನ ಗುಂಡಿ ಹಾಕಿಕೋ ಎಂದೆ. ಹಾಕಿಕೊಂಡಳು. ಇಬ್ಬರೂ ಜೀನ್ ಇದ್ದ ಕಡೆಗೆ ನಡೆದೆವು. ಇಳಿಯುವಾಗ ಕಾಲು ಜಾರೀತೆಂದು ಅವಳೇ ನನ್ನ ಕೈ ಹಿಡಿದಳು, ಬಸ್ ನಿಲ್ದಾಣದವರೆಗೂ ಬಿಡಲಿಲ್ಲ.

ನಮ್ಮೂರು

ವಾಪಸು ಬಂದ ಮೂರನೆಯ ದಿನ ಅತ್ತಿಗೆಯನ್ನು ನೋಡಲು ಹೋದೆ. ಸಂಜೆ ಹಾಲು ಕರೆಯುವ ಹೊತ್ತು. ಅತ್ತಿಗೆಗೆ ಓದು ಬರುವುದಿಲ್ಲ. ಅಷ್ಟು ದೂರ ಹೋಗಿ ಓದಿದ್ದೇನೆಂದು ಕೇಳಿದಳು. ಕೊಟ್ಟಿಗೆಯ ಕಲ್ಲಿನ ಮೇಲೆ ಕೂತು ಶಾಂತಿಯ ನಾಲ್ಕಾರು ಪದ್ಯಗಳನ್ನು ಇದ್ದಂತೆಯೇ ಓದಿದೆ. ಅವಳ ಕೈ ನಿಲ್ಲಲಿಲ್ಲ, ಬಕೆಟ್ಟಿನಲ್ಲಿ ಹಾಲು ಬೀಳುವ ಸದ್ದೂ ನಿಲ್ಲಲಿಲ್ಲ.

ಮುಗಿದ ಮೇಲೆ ಅವಳು, “ಮಾವನೂ ಇಂಗೇ ಪದ ಕಟ್ಟಿ ಏಳ್ತಿದ್ರು,” ಎಂದಳು.

ನನಗೆ ಅರ್ಥವಾಗಲಿಲ್ಲ. ಯಾರು, ಅಪ್ಪನೇ ಎಂದು ಕೇಳಿದೆ.

ಹೌದಂತೆ. ಗಣಿಯಿಂದ ಬಂದು, ಕೈಕಾಲು ತೊಳೆದು, ಹಸುವಿಗೆ ಹುಲ್ಲು ಹಾಕುವಾಗ ತಾವೇ ಪದ ಕಟ್ಟಿ ಹಾಡುತ್ತಿದ್ದರಂತೆ. ಅರ್ಧ ಕನ್ನಡ, ಅರ್ಧ ತೆಲುಗು. ಗಣಿಯೊಳಗೂ ಹಾಡುತ್ತಿದ್ದರೆಂದು ಜೊತೆಯವರು ಹೇಳುತ್ತಿದ್ದರಂತೆ. ನಾನು ಆಗ ಹಾಸ್ಟೆಲಿನಲ್ಲಿ ಓದುತ್ತಿದ್ದೆ. ಆಮೇಲೆ ಕೆಲಸ, ಆಮೇಲೆ ಮದುವೆ. ಅಪ್ಪ ಹಾಡಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ.

“ನನಗ್ಯಾಕೆ ಕೇಳಿಸ್ಲಿಲ್ಲ ಅತ್ತಿಗೆ?”

ಅವಳು ಹಸುವಿನ ಬೆನ್ನು ಸವರಿದಳು. “ನೀನು ಟೀಚರಮ್ಮ ಆದ್ಮೇಲೆ ನಿಲ್ಲಿಸ್ಬಿಟ್ರು. ಒಂದು ಪದ ಏಳಿ ಮಾವಾ ಅಂದ್ರೆ, ಬ್ಯಾಡಮ್ಮ, ನನ್ ಮಗಳು ಕೇಳಿದ್ರೆ ತಪ್ಪು ಇಡೀತಾಳೆ ಅಂತ ನಗೋರು.”

ಅತ್ತಿಗೆ ಅದನ್ನು ದೂರಾಗಿ ಹೇಳಿರಲಿಲ್ಲ. ನಮ್ಮ ಮನೆಯ ಮಗಳು ಎಷ್ಟು ಓದಿದವಳು ಎಂಬ ಹೆಮ್ಮೆಯಲ್ಲೇ ಹೇಳಿದ್ದಳು. ನೆನಪಿರುವುದು ಏನಾದರೂ ಇದ್ದರೆ ಹೇಳು ಎಂದೆ. ನಾಚಿಕೊಂಡು, ಎಳೆದು ಎಳೆದು ಹೇಳಿದಳು.

“ಕೆಳಕ್ಕಿಳಿದ್ರೆ ಕತ್ಲೆ ಕಣೇ ಗೌರಿ, ಮ್ಯಾಕ್ ಬಂದ್ರೆ ನೀನೇ ನಂಗೆ ವೆಲುಗು.”

ಗೌರಿ ಆಗಿನ ಹಸು. ವೆಲುಗು ಎಂದರೆ ತೆಲುಗಿನಲ್ಲಿ ಬೆಳಕು. ಇನ್ನೊಂದು ಸಾಲಿತ್ತು, ಅದರಲ್ಲಿ ನನ್ನ ಹೆಸರೂ ಇತ್ತು ಎಂದಳು. ಆದರೆ ಎಷ್ಟು ನೆನೆಸಿಕೊಂಡರೂ ಅದು ಅವಳ ನಾಲಗೆಗೆ ಬರಲಿಲ್ಲ.

ಇನ್ನೊಮ್ಮೆ ಹೇಳಿಸಿಕೊಂಡು, ಅವಳು ಹೇಳಿದಂತೆಯೇ ಬರೆದುಕೊಂಡೆ.